ಕಾಲದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲದ ಬಗ್ಗೆ ಎಲ್ಲಿ ಮಾತು ಶುರುವಾದರೂ ಸುತ್ತಿ ಸುತ್ತಿ ಇವೇ ಪ್ರಶ್ನೆಗಳು ಬರುತ್ತವೆ. ಪತ್ರದಲ್ಲಿ ಬಂದವು, ಭಾಷಣ ಮುಗಿದ ಮೇಲೆ ಕೇಳಿದವು, ಕಾಫಿ ಕುಡಿಯುತ್ತಾ ಎದ್ದವು ಎಲ್ಲ ಇಲ್ಲಿವೆ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಬೇಕಾದ ಕಡೆಯಿಂದ ಓದಬಹುದು.

## ಶುರುವಿನ ಪ್ರಶ್ನೆಗಳು

ಕಾಲ ಅಂದ್ರೆ ಏನು ಅಂತ ಒಂದೇ ವಾಕ್ಯದಲ್ಲಿ ಹೇಳಿಬಿಡಿ ಸರ್.

ಆಗುವುದಿಲ್ಲ. ನಾವು ಕಾಲ ಎನ್ನುವಾಗ ನಾಲ್ಕು ಬೇರೆ ಬೇರೆ ಸಂಗತಿಗಳನ್ನು ಒಟ್ಟಿಗೆ ಗಂಟು ಕಟ್ಟಿರುತ್ತೇವೆ. ಯಾವುದು ಮೊದಲು, ಯಾವುದು ಆಮೇಲೆ ಎನ್ನುವ ಕ್ರಮ ಒಂದು. ಎಷ್ಟು ಹೊತ್ತು ಎನ್ನುವ ಅಳತೆ ಇನ್ನೊಂದು. 'ಈಗ' ಎನ್ನುವ ಈ ಕ್ಷಣ ಮತ್ತೊಂದು. ಹಿಂದಿನಿಂದ ಮುಂದಕ್ಕೆ ಮಾತ್ರ ಎನ್ನುವ ದಿಕ್ಕು ಕೊನೆಯದು.

ಈ ವಿಷಯದಲ್ಲಿ ಅರ್ಧ ಜಗಳ ಹುಟ್ಟುವುದು ಈ ಗಂಟನ್ನು ಬಿಚ್ಚದೆ ಮಾತಾಡುವುದರಿಂದ. ಒಬ್ಬರು ಅಳತೆಯ ಬಗ್ಗೆ ಹೇಳುತ್ತಿರುತ್ತಾರೆ, ಎದುರಿನವರು 'ಈಗ'ದ ಬಗ್ಗೆ ವಾದಿಸುತ್ತಿರುತ್ತಾರೆ. ವಿಜ್ಞಾನಕ್ಕೆ ಕ್ರಮ ಮತ್ತು ಅಳತೆಯ ಬಗ್ಗೆ ಹೇಳಲು ತುಂಬಾ ಇದೆ. ದಿಕ್ಕಿನ ಬಗ್ಗೆ ಅರ್ಧ ಉತ್ತರ ಇದೆ. 'ಈಗ'ದ ಬಗ್ಗೆ ಅದು ಹೆಚ್ಚುಕಡಿಮೆ ಬಾಯಿ ಬಿಡುವುದಿಲ್ಲ. ಯಾರೂ ಕೇಳದಿದ್ದರೆ ಕಾಲ ಏನೆಂದು ಗೊತ್ತು, ಕೇಳಿದರೆ ಹೇಳಲು ಬರುವುದಿಲ್ಲ ಎಂದು ಸಂತ ಅಗಸ್ಟೀನ್ ಸುಮಾರು 1,600 ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾನೆ. ಅಂದರೆ ಈ ತಲೆನೋವು ನಮಗೆ ಮಾತ್ರ ಅಲ್ಲ.

ಗಡಿಯಾರ ಅಳೆಯೋದು ಕಾಲವನ್ನೇ ಅಲ್ವಾ? ಮತ್ತೆ ಇಷ್ಟೊಂದು ಗೊಂದಲ ಯಾಕೆ?

ಗಡಿಯಾರ ಮಾಡುವುದು ಎಣಿಕೆ. ಯಾವುದೋ ಒಂದು ಚಲನೆ ಮರಳಿ ಮರಳಿ ಆಗುತ್ತಿರುತ್ತದೆ, ಅದು ಎಷ್ಟು ಸಲ ಆಯಿತು ಎಂದು ಲೆಕ್ಕ ಇಡುತ್ತದೆ. ಲೋಲಕ ತೂಗಾಡಿದ್ದನ್ನು ಎಣಿಸಬಹುದು, ಭೂಮಿ ಸುತ್ತಿದ್ದನ್ನು ಎಣಿಸಬಹುದು. 1967ರಿಂದ ಜಗತ್ತು ಸೀಸಿಯಂ-133 ಪರಮಾಣುವನ್ನು ನಂಬಿದೆ. ಅದರ ಒಂದು ನಿರ್ದಿಷ್ಟ ವಿಕಿರಣ 9,192,631,770 ಸಲ ಕಂಪಿಸಿದರೆ ಒಂದು ಸೆಕೆಂಡ್.

ಆ ಪರಮಾಣು ಒಂದೇ ಸಮನಾಗಿ ಕಂಪಿಸುತ್ತಿದೆ ಎಂದು ಹೇಗೆ ಗೊತ್ತು? ಇನ್ನೊಂದು ಗಡಿಯಾರದ ಜೊತೆ ಹೋಲಿಸಿ ನೋಡಬೇಕು. ಅದು ಸರಿಯಾಗಿದೆ ಎಂದು ಹೇಗೆ ಗೊತ್ತು? ಮತ್ತೊಂದರ ಜೊತೆ. ಯಾರೂ 'ಬರೀ ಕಾಲ'ವನ್ನು ಪಕ್ಕದಲ್ಲಿಟ್ಟುಕೊಂಡು ಗಡಿಯಾರವನ್ನು ಪರೀಕ್ಷೆ ಮಾಡಿಲ್ಲ. ಕಾಲ ಎಂದರೆ ಹಿಂದು-ಮುಂದು ಎಂಬ ಲೆಕ್ಕದಲ್ಲಿ ಚಲನೆಯ ಎಣಿಕೆ ಎಂದು ಅರಿಸ್ಟಾಟಲ್ ಹೇಳಿದ್ದು ಇದಕ್ಕೇ. ನ್ಯೂಟನ್ ಇದನ್ನು ಒಪ್ಪಲಿಲ್ಲ. ಏನೂ ನಡೆಯದಿದ್ದರೂ ಕಾಲ ತನ್ನಷ್ಟಕ್ಕೆ ಸಮನಾಗಿ ಹರಿಯುತ್ತದೆ ಎಂದು 1687ರಲ್ಲಿ ಬರೆದ. ಲೈಬ್ನಿಟ್ಸ್ ಅದಕ್ಕೆ ತಿರುಗಿಬಿದ್ದ. ಘಟನೆಗಳೇ ಇಲ್ಲದಿದ್ದರೆ ಕಾಲವೂ ಇಲ್ಲ, ಅದು ಬರೀ ಘಟನೆಗಳ ಸರದಿ ಎಂದು ಅವನ ವಾದ. ಈ ಜಗಳ ಇನ್ನೂ ಮುಗಿದಿಲ್ಲ.

ದಿನಕ್ಕೆ 24 ಗಂಟೆ ಅನ್ನೋದು ಖಚಿತವಾ?

ಇಲ್ಲ. ಚಂದ್ರನಿಂದ ಏಳುವ ಉಬ್ಬರವಿಳಿತ ಭೂಮಿಯ ಸುತ್ತುವಿಕೆಗೆ ಬ್ರೇಕ್ ಹಾಕುತ್ತಿದೆ. ನೂರು ವರ್ಷಕ್ಕೆ ದಿನ ಸುಮಾರು 2 ಮಿಲಿಸೆಕೆಂಡ್ ಉದ್ದವಾಗುತ್ತದೆ. ಕೋಟಿಗಟ್ಟಲೆ ವರ್ಷದ ಲೆಕ್ಕದಲ್ಲಿ ಇದು ಸಣ್ಣದಲ್ಲ. 1963ರಲ್ಲಿ ಜಾನ್ ವೆಲ್ಸ್ ಎಂಬ ವಿಜ್ಞಾನಿ ಡೆವೋನಿಯನ್ ಯುಗದ, ಅಂದರೆ 35 ಕೋಟಿ ವರ್ಷಕ್ಕೂ ಹಳೆಯ, ಹವಳದ ಪಳೆಯುಳಿಕೆಗಳ ಮೇಲಿನ ಗೆರೆ ಎಣಿಸಿದರು. ವರ್ಷಕ್ಕೆ ಸುಮಾರು 400 ದಿನದ ಗೆರೆಗಳಿದ್ದವು. ಆಗ ಒಂದು ದಿನಕ್ಕೆ ಸುಮಾರು 22 ಗಂಟೆ ಮಾತ್ರ.

ಪರಮಾಣು ಗಡಿಯಾರ ಮತ್ತು ಭೂಮಿಯ ನಡುವಿನ ಈ ಮನಸ್ತಾಪ ಸರಿಮಾಡಲು 1972ರಿಂದ ಆಗಾಗ ಒಂದು ಅಧಿಕ ಸೆಕೆಂಡ್ ಸೇರಿಸುತ್ತಾ ಬಂದರು. ನಮ್ಮ ಅಧಿಕ ಮಾಸದ ಹಾಗೆಯೇ, ಗಾತ್ರ ಮಾತ್ರ ಚಿಕ್ಕದು. ಈವರೆಗೆ 27 ಸಲ ಸೇರಿಸಿದ್ದಾರೆ. ಕೊನೆಯದು ಭಾರತದಲ್ಲಿ 2017ರ ಜನವರಿ 1ರ ಬೆಳಗ್ಗೆ ಸೇರಿತು, 5:29:59 ಆದ ಮೇಲೆ 5:29:60 ಬಂತು. ಕಂಪ್ಯೂಟರ್‌ಗಳಿಗೆ ಇದರಿಂದ ತೊಂದರೆ ಜಾಸ್ತಿ. ಹಾಗಾಗಿ 2035ರೊಳಗೆ ಈ ಪದ್ಧತಿ ಬಿಡಲು 2022ರಲ್ಲಿ ತೀರ್ಮಾನವಾಗಿದೆ.

ನಾನು ಮಂಗಳೂರಿನವನು. ಗಡಿಯಾರದಲ್ಲಿ 12 ಆದರೂ ಸೂರ್ಯ ನಡುಬಾನಿಗೆ ಬಂದಿರಲ್ಲ. ಯಾವುದು ಸರಿ?

ಎರಡೂ ಸರಿ, ಎರಡೂ ಬೇರೆ ಲೆಕ್ಕ. ಭಾರತೀಯ ಕಾಲಮಾನ 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಕಟ್ಟಿದ್ದು. ಮಂಗಳೂರು ಅದಕ್ಕಿಂತ ಏಳೂವರೆ ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕಿದೆ. ಒಂದು ಡಿಗ್ರಿಗೆ 4 ನಿಮಿಷ. ಹಾಗಾಗಿ ಅಲ್ಲಿ ಸರಾಸರಿ ಮಧ್ಯಾಹ್ನ ಸುಮಾರು ಹನ್ನೆರಡೂವರೆಗೆ. ಬೆಂಗಳೂರಿನಲ್ಲಿ ಸುಮಾರು 12:20ಕ್ಕೆ. 1906ರಲ್ಲಿ ಈ ಕಾಲಮಾನ ಬರುವ ಮುಂಚೆ ಊರೂರಿಗೆ ತನ್ನದೇ ಮಧ್ಯಾಹ್ನ ಇತ್ತು, ರೈಲಿನವರು ಮದ್ರಾಸ್ ಸಮಯ ಇಟ್ಟುಕೊಂಡಿದ್ದರು.

ಪಂಚಾಂಗ ಇನ್ನೂ ಹಳೆಯ ದಾರಿಯಲ್ಲೇ ಇದೆ. ಸೂರ್ಯ-ಚಂದ್ರರ ನಡುವೆ 12 ಡಿಗ್ರಿ ಅಂತರ ಹೆಚ್ಚಾದರೆ ಒಂದು ತಿಥಿ. ಚಂದ್ರನ ವೇಗ ಒಂದೇ ಸಮ ಇರದ ಕಾರಣ ತಿಥಿ ಸುಮಾರು 20 ಗಂಟೆಯಿಂದ 26 ಗಂಟೆಯವರೆಗೆ ಹಿಗ್ಗಿ ಕುಗ್ಗುತ್ತದೆ. ಸೀಸಿಯಂ ನೋಡಿ ಬದುಕುವವರಿಗೆ ಇದು ವಿಚಿತ್ರ. ಆಕಾಶ ನೋಡಿ ಬದುಕುವವರಿಗೆ ಸೀಸಿಯಂ ವಿಚಿತ್ರ.

ವಯಸ್ಸಾದ ಹಾಗೆ ವರ್ಷಗಳು ಓಡ್ತಾ ಇವೆ. ಕಾಲ ನಿಜವಾಗಿ ಜೋರಾಗಿದೆಯಾ?

ಕಾಲ ಜೋರಾಗಿಲ್ಲ, ನೆನಪು ತೆಳುವಾಗಿದೆ. ಹೊಸದು ಜಾಸ್ತಿ ಇದ್ದರೆ ನೆನಪಿನ ಪುಟ ಜಾಸ್ತಿ, ಹಿಂತಿರುಗಿ ನೋಡಿದಾಗ ಆ ದಿನಗಳು ಉದ್ದ ಕಾಣುತ್ತವೆ. ದಿನಾ ಒಂದೇ ದಾರಿ, ಒಂದೇ ಕೆಲಸ ಆದರೆ ಆರು ತಿಂಗಳು ಒಂದೇ ಮುದ್ದೆಯಾಗುತ್ತದೆ.

ಅಪಾಯದ ಹೊತ್ತಿನಲ್ಲಿ ಕಾಲ ನಿಧಾನ ಆದಂತೆ ಅನ್ನಿಸುವುದೂ ಹೀಗೆಯೇ. ಅಮೆರಿಕದ ಡೇವಿಡ್ ಈಗಲ್‌ಮನ್ ಮತ್ತು ಜೊತೆಗಾರರು ಜನರನ್ನು 31 ಮೀಟರ್ ಎತ್ತರದಿಂದ ಬಲೆಗೆ ಬೀಳಿಸಿ ಪರೀಕ್ಷೆ ಮಾಡಿದರು. 2007ರಲ್ಲಿ ಅದರ ಫಲಿತಾಂಶ ಬಂತು. ಬಿದ್ದವರು ತಾವು ಬಿದ್ದ ಹೊತ್ತನ್ನು ಮೂರನೇ ಒಂದು ಪಾಲಿಗೂ ಹೆಚ್ಚು ಉದ್ದ ಎಂದು ಅಂದಾಜು ಮಾಡಿದರು. ಆದರೆ ಕೈಗೆ ಕಟ್ಟಿದ್ದ ಪರದೆಯ ಮೇಲೆ ಸರಸರ ಬದಲಾಗುವ ಅಂಕಿಗಳನ್ನು ಎಂದಿಗಿಂತ ಚೆನ್ನಾಗಿ ಓದಲು ಅವರಿಗೆ ಆಗಲಿಲ್ಲ. ಬೀಳುವಾಗ ಏನೂ ನಿಧಾನವಾಗಿರಲಿಲ್ಲ, ನೆನಪು ಆಮೇಲೆ ಹಿಗ್ಗಿತ್ತು.

ಫ್ರಾನ್ಸ್‌ನ ಮಿಶೆಲ್ ಸಿಫ್ರ್ 1962ರಲ್ಲಿ ಗಡಿಯಾರ ಇಲ್ಲದೆ ಎರಡು ತಿಂಗಳು ಗುಹೆಯಲ್ಲಿದ್ದ. ಸೆಪ್ಟೆಂಬರ್ 14ರಂದು ಅವನನ್ನು ಹೊರಗೆ ಕರೆದರೆ, ಅವನ ಲೆಕ್ಕದಲ್ಲಿ ಇನ್ನೂ ಆಗಸ್ಟ್ 20. ದೇಹದ ನಿದ್ದೆ-ಎಚ್ಚರದ ಚಕ್ರ ಮಾತ್ರ ಹೆಚ್ಚುಕಡಿಮೆ 24 ಗಂಟೆಗೇ ತಿರುಗುತ್ತಿತ್ತು. ಅಂದರೆ ಒಳಗೆ ಗಡಿಯಾರ ಇದೆ, ಮನಸ್ಸು ಅದನ್ನು ನೋಡುವುದಿಲ್ಲ.

## ಐನ್‌ಸ್ಟೈನ್ ಬಂದ ಮೇಲೆ

ವೇಗವಾಗಿ ಹೋದರೆ ವಯಸ್ಸು ಕಡಿಮೆ ಆಗುತ್ತೆ ಅಂತಾರೆ. ಬರೀ ಲೆಕ್ಕವಾ, ಯಾರಾದರೂ ನೋಡಿದ್ದಾರಾ?

ನೋಡಿದ್ದಾರೆ, ಎಷ್ಟೋ ಸಲ. 1971ರಲ್ಲಿ ಹಾಫೆಲೆ ಮತ್ತು ಕೀಟಿಂಗ್ ಎಂಬ ಇಬ್ಬರು ಪರಮಾಣು ಗಡಿಯಾರಗಳನ್ನು ಸಾಮಾನ್ಯ ಪ್ರಯಾಣಿಕರ ವಿಮಾನದಲ್ಲಿಟ್ಟುಕೊಂಡು ಭೂಮಿ ಸುತ್ತಿದರು. ಪೂರ್ವಕ್ಕೆ ಹೋದ ಗಡಿಯಾರಗಳು ನೆಲದ ಗಡಿಯಾರಕ್ಕಿಂತ 59 ನ್ಯಾನೊಸೆಕೆಂಡ್ (ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು ಒಂದು ನ್ಯಾನೊಸೆಕೆಂಡ್) ಹಿಂದೆ ಬಿದ್ದಿದ್ದವು. ಪಶ್ಚಿಮಕ್ಕೆ ಹೋದವು 273 ನ್ಯಾನೊಸೆಕೆಂಡ್ ಮುಂದೆ ಇದ್ದವು. ಭೂಮಿಯೇ ಪೂರ್ವಕ್ಕೆ ಸುತ್ತುವುದರಿಂದ ದಿಕ್ಕಿಗೆ ತಕ್ಕ ಹಾಗೆ ಲೆಕ್ಕ ಬದಲಾಗುತ್ತದೆ. ಐನ್‌ಸ್ಟೈನ್‌ರ ಸಾಪೇಕ್ಷತಾ ಸಿದ್ಧಾಂತ ಹೇಳಿದ್ದೂ ಹೆಚ್ಚುಕಡಿಮೆ ಇಷ್ಟನ್ನೇ.

ಇನ್ನೂ ಹತ್ತಿರದ ಸಾಕ್ಷಿ ಬೇಕಾ? ಅಂಗೈ ಚಾಚಿ. ವಾತಾವರಣದಲ್ಲಿ ಹತ್ತು-ಹದಿನೈದು ಕಿಲೋಮೀಟರ್ ಮೇಲೆ ಮ್ಯೂಆನ್ ಎಂಬ ಕಣಗಳು ಹುಟ್ಟುತ್ತವೆ. ಅವುಗಳ ಸರಾಸರಿ ಆಯಸ್ಸು 2.2 ಮೈಕ್ರೊಸೆಕೆಂಡ್ (ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ಒಂದು ಮೈಕ್ರೊಸೆಕೆಂಡ್). ಅಷ್ಟರಲ್ಲಿ ಬೆಳಕಿನ ವೇಗದಲ್ಲಿ ಓಡಿದರೂ 660 ಮೀಟರ್ ದಾಟುವುದಿಲ್ಲ. ಆದರೂ ನಿಮ್ಮ ಅಂಗೈ ಮೂಲಕ ಸೆಕೆಂಡಿಗೆ ಒಂದರಂತೆ ಹಾದು ಹೋಗುತ್ತಲೇ ಇವೆ. ನಮ್ಮ ಲೆಕ್ಕದಲ್ಲಿ ಅವುಗಳ ಗಡಿಯಾರ ನಿಧಾನ, ಅದಕ್ಕೇ ನೆಲದ ತನಕ ಬದುಕಿ ಬರುತ್ತವೆ.

2025ರಲ್ಲಿ ಶುಭಾಂಶು ಶುಕ್ಲಾ ಅಂತರಿಕ್ಷ ನಿಲ್ದಾಣದಲ್ಲಿ ಎರಡೂವರೆ ವಾರ ಇದ್ದು ಬಂದರಲ್ಲ, ಅವರು ನಮಗಿಂತ ಸುಮಾರು ಅರ್ಧ ಮಿಲಿಸೆಕೆಂಡ್ ಎಳಸಾಗಿ ಇಳಿದಿದ್ದಾರೆ. ಆದರೆ ಅವರಿಗೆ ಅಲ್ಲಿ ಏನೂ ನಿಧಾನ ಅನ್ನಿಸುವುದಿಲ್ಲ. ಅವರವರ ಗಡಿಯಾರ ಅವರವರಿಗೆ ಸರಿಯಾಗೇ ನಡೆಯುತ್ತದೆ. ಎರಡು ದಾರಿಯಲ್ಲಿ ಹೋದವರು ಮತ್ತೆ ಸೇರಿ ಹೋಲಿಸಿದಾಗಲೇ ವ್ಯತ್ಯಾಸ ತಿಳಿಯುವುದು.

ಹಾಗಾದರೆ ಬೆಟ್ಟದ ಮೇಲೆ ಇದ್ದರೆ ಬೇಗ ಮುದುಕರಾಗ್ತೀವಾ?

ಹೌದು, ಆದರೆ ಮನೆ ಬದಲಾಯಿಸುವಷ್ಟಲ್ಲ. ಗುರುತ್ವ ಬಾವಿಯ ಆಳದಲ್ಲಿ ಗಡಿಯಾರ ನಿಧಾನ, ಮೇಲೆ ಹೋದಂತೆ ಜೋರು. ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಅದರ ತುದಿಯಲ್ಲಿ ಇಟ್ಟ ಗಡಿಯಾರ ಸಮುದ್ರ ಮಟ್ಟದ್ದಕ್ಕಿಂತ ದಿನಕ್ಕೆ ಸುಮಾರು 18 ನ್ಯಾನೊಸೆಕೆಂಡ್ ಮುಂದೆ ಹೋಗುತ್ತದೆ. ಅಲ್ಲೇ 80 ವರ್ಷ ಬದುಕಿದರೂ ವ್ಯತ್ಯಾಸ ಅರ್ಧ ಮಿಲಿಸೆಕೆಂಡ್. ಶುಕ್ಲಾ ಅವರು ಎರಡೂವರೆ ವಾರದಲ್ಲಿ ಉಳಿಸಿದ್ದನ್ನು ನೀವು ಬೆಟ್ಟದ ಮೇಲೆ ಇಡೀ ಜನ್ಮ ಕೂತು ಕಳೆದುಕೊಳ್ಳುತ್ತೀರಿ.

ಅಮೆರಿಕದಲ್ಲಿ 2010ರಲ್ಲಿ ಒಂದು ಗಡಿಯಾರವನ್ನು ಬರೀ 33 ಸೆಂಟಿಮೀಟರ್ ಎತ್ತಿಟ್ಟು ಈ ವ್ಯತ್ಯಾಸ ಅಳೆದರು. ಅಂದರೆ ನೀವು ನಿಂತಿದ್ದರೆ ನಿಮ್ಮ ತಲೆಗೆ ಪಾದಕ್ಕಿಂತ ಚೂರು ವಯಸ್ಸು ಜಾಸ್ತಿ.

ಇಷ್ಟು ಸಣ್ಣ ವ್ಯತ್ಯಾಸದಿಂದ ನನಗೇನು ಆಗಬೇಕು?

ಫೋನ್‌ನಲ್ಲಿ ದಾರಿ ನೋಡುತ್ತೀರಿ ಅಲ್ವಾ? ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿವೆ. ವೇಗದಿಂದಾಗಿ ಅವುಗಳ ಗಡಿಯಾರ ದಿನಕ್ಕೆ 7 ಮೈಕ್ರೊಸೆಕೆಂಡ್ ಹಿಂದೆ ಬೀಳುತ್ತದೆ, ಎತ್ತರದಿಂದಾಗಿ 45 ಮೈಕ್ರೊಸೆಕೆಂಡ್ ಮುಂದೆ ಹೋಗುತ್ತದೆ. ಕೊನೆಗೆ 38 ಮೈಕ್ರೊಸೆಕೆಂಡ್ ಮುಂದೆ. ಅಷ್ಟು ಹೊತ್ತಿನಲ್ಲಿ ಬೆಳಕು 11 ಕಿಲೋಮೀಟರ್ ಓಡುತ್ತದೆ. ಸರಿಮಾಡದೆ ಬಿಟ್ಟರೆ ಒಂದೇ ದಿನದಲ್ಲಿ ನಕ್ಷೆ ಕೆಲಸಕ್ಕೆ ಬರುವುದಿಲ್ಲ.

ಗಡಿಯಾರ ಎಷ್ಟು ಮುಖ್ಯ ಎಂದು ಇಸ್ರೋಗೆ ಚೆನ್ನಾಗಿ ಗೊತ್ತು. ಜಿಪಿಎಸ್‌ನಂಥ ನಮ್ಮದೇ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹದಲ್ಲಿದ್ದ ಮೂರೂ ರುಬಿಡಿಯಂ ಪರಮಾಣು ಗಡಿಯಾರ ಕೆಟ್ಟವು. ಅವು ಹೊರದೇಶದಿಂದ ತರಿಸಿದವು. ಉಳಿದೆಲ್ಲ ಚೆನ್ನಾಗಿದ್ದರೂ ದಾರಿ ತೋರಿಸಲು ಆ ಉಪಗ್ರಹ ಒದಗಲಿಲ್ಲ. 2023ರ ಮೇ ತಿಂಗಳಲ್ಲಿ ಹಾರಿದ ಎನ್‌ವಿಎಸ್-01ರಲ್ಲಿ ಇಲ್ಲೇ ಮಾಡಿದ ರುಬಿಡಿಯಂ ಗಡಿಯಾರ ಹೋಯಿತು. ಈ ವ್ಯವಸ್ಥೆಯ ಸಂಚಾಲನೆ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿದೆ.

ಈಗ ಈ ಕ್ಷಣದಲ್ಲಿ ದೂರದ ನಕ್ಷತ್ರದಲ್ಲಿ ಏನೋ ನಡೀತಾ ಇರುತ್ತೆ ಅಲ್ವಾ? ನಮಗೆ ತಡವಾಗಿ ಕಾಣುತ್ತೆ ಅಷ್ಟೇ ತಾನೇ?

ಅಷ್ಟೇ ಆಗಿದ್ದರೆ ಐನ್‌ಸ್ಟೈನ್ ಬೇಕಿರಲಿಲ್ಲ. ಸೂರ್ಯನ ಬೆಳಕು ಬರಲು 8 ನಿಮಿಷಕ್ಕೂ ಸ್ವಲ್ಪ ಹೆಚ್ಚು ಬೇಕು ಎನ್ನುವುದು ಬರೀ ಟಪಾಲು ತಡವಾದ ವಿಷಯ. 1905ರಲ್ಲಿ ಅವರು ಹೇಳಿದ್ದು ಬೇರೆ. ಆ ತಡವನ್ನೆಲ್ಲ ಕಳೆದು ಲೆಕ್ಕ ಹಾಕಿದ ಮೇಲೂ, 'ಅಲ್ಲಿ ಈಗ' ಎಂದರೆ ಯಾವ ಕ್ಷಣ ಎಂಬುದು ಕೇಳುವವರ ಚಲನೆಯನ್ನು ಅವಲಂಬಿಸಿರುತ್ತದೆ.

ಆಂಡ್ರೊಮೀಡಾ ಗೆಲಾಕ್ಸಿ ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದೆ. ನೀವು ಬೆಂಚಿನ ಮೇಲೆ ಕೂತಿದ್ದೀರಿ. ನಿಮ್ಮ ಪಕ್ಕದಲ್ಲೇ ಒಬ್ಬರು ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಆ ಗೆಲಾಕ್ಸಿಯ ಕಡೆಗೆ ನಡೆದು ಹೋದರು ಅನ್ನಿ. ಅವರು ನಿಮ್ಮನ್ನು ದಾಟುವ ಕ್ಷಣದಲ್ಲಿ, ಅವರ ಪಾಲಿನ 'ಅಲ್ಲಿ ಈಗ' ನಿಮ್ಮದಕ್ಕಿಂತ ನಾಲ್ಕು ದಿನ ಮುಂದಿನದು. ಎದುರು ದಿಕ್ಕಿಗೆ ನಡೆದವರಿಗೆ ನಾಲ್ಕು ದಿನ ಹಿಂದಿನದು. ಬೆಂಚಿನ ಹತ್ತಿರ ಮೂವರೂ ಇದ್ದಾರೆ, ಯಾರ ಲೆಕ್ಕವೂ ತಪ್ಪಿಲ್ಲ.

ಗಾಬರಿ ಬೇಡ. ಒಂದು ಘಟನೆ ಇನ್ನೊಂದಕ್ಕೆ ಕಾರಣ ಆಗಬಹುದಾದರೆ ಅವುಗಳ ಕ್ರಮ ಯಾರಿಗೂ ತಿರುವುಮುರುವಾಗುವುದಿಲ್ಲ. ಬಿತ್ತಿದ್ದು ಮೊದಲು, ಬೆಳೆದದ್ದು ಆಮೇಲೆ, ಎಲ್ಲರಿಗೂ. ಕ್ರಮ ಬದಲಾಗುವುದು ಒಂದರಿಂದ ಇನ್ನೊಂದಕ್ಕೆ ಬೆಳಕೂ ತಲುಪಲಾಗದಂಥ ಘಟನೆಗಳ ನಡುವೆ ಮಾತ್ರ. ಆದರೂ ಇಡೀ ವಿಶ್ವಕ್ಕೆ ಒಂದೇ 'ಈಗ' ಇದೆ ಎಂಬ ನಮ್ಮ ಹುಟ್ಟು ನಂಬಿಕೆಗೆ ಇಲ್ಲಿ ಏಟು ಬೀಳುತ್ತದೆ. ಇಡೀ ಸಾಪೇಕ್ಷತಾ ಸಿದ್ಧಾಂತದಲ್ಲಿ ಅರಗಿಸಿಕೊಳ್ಳಲು ಅತಿ ಕಷ್ಟವಾದ ಸಂಗತಿ ಇದೇ ಎಂದು ನನ್ನ ಅನಿಸಿಕೆ. ಗಡಿಯಾರ ನಿಧಾನ ಆಗುವುದು ಇದರ ಮುಂದೆ ಏನೂ ಅಲ್ಲ.

## ತತ್ವಶಾಸ್ತ್ರದ ಕಡೆಯಿಂದ

ಸತ್ತುಹೋದ ನಿನ್ನೆ, ಬರದ ನಾಳೆ ಎರಡೂ ಎಲ್ಲೋ ಇವೆಯಾ?

ಮೂರು ಉತ್ತರಗಳು ಚಾಲ್ತಿಯಲ್ಲಿವೆ. ಇರುವುದು ಈಗ ಮಾತ್ರ ಎನ್ನುವವರು ಒಂದು ಕಡೆ. ನಿನ್ನೆ ಮತ್ತು ಈಗ ಇವೆ, ನಾಳೆ ಇನ್ನೂ ಹುಟ್ಟಿಲ್ಲ ಎನ್ನುವವರು ನಡುವೆ. ಮೂರೂ ಸಮಾನವಾಗಿ ಇವೆ ಎನ್ನುವವರು ಮತ್ತೊಂದು ಕಡೆ. ಈ ಕೊನೆಯವರ ಪ್ರಕಾರ 'ಈಗ' ಎಂಬುದು 'ಇಲ್ಲಿ' ಎಂಬುದರ ಹಾಗೆ. ನಾನು ಹಾಸನದಲ್ಲಿ ಕೂತು 'ಇಲ್ಲಿ' ಅಂದರೆ ಹಾಸನ, ನೀವು ಬೀದರ್‌ನಲ್ಲಿ ಅಂದರೆ ಬೀದರ್. ನಾನು ಹಾಸನದಲ್ಲಿದ್ದೇನೆ ಎಂದು ಬೀದರ್ ಮಾಯವಾಗುವುದಿಲ್ಲ.

ವಿಶ್ವಕ್ಕೆ ಒಂದೇ 'ಈಗ' ಇಲ್ಲ ಎಂದ ಮೇಲೆ ಮೂರನೆಯ ಪಕ್ಷಕ್ಕೆ ಬಲ ಬಂತು. 1960ರ ದಶಕದಲ್ಲಿ ರೀಟ್‌ಡೈಕ್, ಪಟ್ನಮ್ ಎಂಬ ಚಿಂತಕರು ಇದನ್ನೇ ವಾದವಾಗಿ ಕಟ್ಟಿದರು.

ಆದರೆ ಈ ಜಗಳ ಭೌತವಿಜ್ಞಾನದಿಂದ ಹುಟ್ಟಿದ್ದಲ್ಲ. ಬೌದ್ಧರಲ್ಲಿ ಸರ್ವಾಸ್ತಿವಾದಿಗಳು ಮೂರೂ ಕಾಲದ ಧರ್ಮಗಳು (ಅವರ ಮಾತಿನಲ್ಲಿ, ಜಗತ್ತು ಕಟ್ಟಿಕೊಂಡಿರುವ ಮೂಲ ಸಂಗತಿಗಳು) ಇವೆ ಎಂದು ಹಟ ಹಿಡಿದರು. ಹಾಗಾದರೆ ನಿನ್ನೆಗೂ ಇವತ್ತಿಗೂ ವ್ಯತ್ಯಾಸ ಏನು? ಅವರಲ್ಲಿ ವಸುಮಿತ್ರನ ಉತ್ತರ ಸೊಗಸಾಗಿದೆ. ಎಣಿಕೆಯ ಗೋಲಿಯನ್ನು ಬಿಡಿ ಸ್ಥಾನದಲ್ಲಿಟ್ಟರೆ ಒಂದು, ನೂರರ ಸ್ಥಾನದಲ್ಲಿಟ್ಟರೆ ನೂರು. ಗೋಲಿ ಅದೇ, ಸ್ಥಾನ ಬೇರೆ. ಇನ್ನೊಂದು ಬೌದ್ಧ ಪಂಥದ ಸೌತ್ರಾಂತಿಕರು ಒಪ್ಪಲಿಲ್ಲ. ಇರುವುದು ಈ ಕ್ಷಣ ಮಾತ್ರ ಎಂದರು. ಇವತ್ತಿನ ವಿಶ್ವವಿದ್ಯಾಲಯಗಳಲ್ಲಿ ನಡೆಯುವ ವಾದದ ಎರಡೂ ಬದಿ ಇಲ್ಲಿ ಆಗಲೇ ಇದ್ದವು.

ನಮ್ಮಲ್ಲಿ ಕಾಲ ಚಕ್ರ, ಪಾಶ್ಚಾತ್ಯರಲ್ಲಿ ನೇರ ಗೆರೆ. ಸರಿ ಅಲ್ವಾ?

ಕೇಳಲು ಚೆನ್ನಾಗಿದೆ, ಆದರೆ ಪೂರ್ತಿ ಸರಿಯಲ್ಲ. ಗ್ರೀಸಿನ ಸ್ಟೋಯಿಕರು ಜಗತ್ತು ಸುಟ್ಟು ಮತ್ತೆ ಹುಟ್ಟುತ್ತದೆ ಎಂದು ನಂಬಿದ್ದರು. ನಮ್ಮಲ್ಲೂ ಎಲ್ಲರೂ ಒಂದೇ ಮಾತು ಹೇಳಿಲ್ಲ. ವೈಶೇಷಿಕರು ಒಂಬತ್ತು ದ್ರವ್ಯಗಳಲ್ಲಿ ಕಾಲವನ್ನೂ ಒಂದಾಗಿ ಎಣಿಸಿದರು. ಅದು ಕಣ್ಣಿಗೆ ಕಾಣದು, ಆದರೆ ಹಿರಿಯ-ಕಿರಿಯ, ಒಟ್ಟಿಗೆ, ತಡ, ಬೇಗ ಎಂಬ ತಿಳಿವಳಿಕೆಯಿಂದ ಊಹಿಸಬೇಕು ಎಂದರು. ಜೈನರಲ್ಲಿ ದಿಗಂಬರರು ಕಾಲ ಅಣುರೂಪದ ದ್ರವ್ಯ ಎಂದರು. ಯೋಗಸೂತ್ರದ ವ್ಯಾಸಭಾಷ್ಯ ಇದಕ್ಕೆ ಪೂರ್ತಿ ಉಲ್ಟಾ: ಕ್ಷಣ ನಿಜ, ಕ್ಷಣಗಳನ್ನು ಪೋಣಿಸಿ ನಾವು ಕಾಲ ಎನ್ನುವುದು ಬುದ್ಧಿಯ ಕಟ್ಟಡ. ಬೌದ್ಧ ಚಿಂತಕ ನಾಗಾರ್ಜುನ ಇನ್ನೂ ಮುಂದೆ ಹೋಗಿ, ಭೂತ ಇಲ್ಲದೆ ವರ್ತಮಾನ ಇಲ್ಲ, ವರ್ತಮಾನ ಇಲ್ಲದೆ ಭೂತ ಇಲ್ಲ, ಹಾಗಾಗಿ ಯಾವುದಕ್ಕೂ ಸ್ವಂತ ಕಾಲಿಲ್ಲ ಎಂದು ತೋರಿಸಿದ.

ಇನ್ನೊಂದು ಮಾತು. ಕಲ್ಪ ಎಂದರೆ 432 ಕೋಟಿ ವರ್ಷ, ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ, ನೋಡಿ ನಮ್ಮ ಹಿರಿಯರಿಗೆ ಎಲ್ಲ ಗೊತ್ತಿತ್ತು ಎಂದು ಆಗಾಗ ಕೇಳುತ್ತೇವೆ. ನನಗೆ ಇದು ಒಪ್ಪಿಗೆಯಿಲ್ಲ. ಸಾವಿರ ಮಹಾಯುಗ ಸೇರಿದರೆ ಒಂದು ಕಲ್ಪ. ನಮ್ಮ ಹಳೆಯ ಖಗೋಳ ಗಣಿತದ ಸಿದ್ಧಾಂತ ಗ್ರಂಥಗಳಲ್ಲಿ 43 ಲಕ್ಷ 20 ಸಾವಿರ ವರ್ಷದ ಮಹಾಯುಗದ ಕೆಲಸವೇ ಬೇರೆ. ಅಷ್ಟು ವರ್ಷದಲ್ಲಿ ಪ್ರತಿ ಗ್ರಹವೂ ಪೂರ್ಣ ಸಂಖ್ಯೆಯ ಸುತ್ತು ಮುಗಿಸುವಂತೆ ಲೆಕ್ಕ ಕೂಡಿಸಿದ್ದರು. ಭಿನ್ನರಾಶಿಯ ಕಾಟ ಇಲ್ಲದೆ ಗ್ರಹಗತಿ ಹೇಳಲು ಹೂಡಿದ ಜಾಣ ಗಣಿತ ಅದು. ಆ ಜಾಣತನವನ್ನು ಮೆಚ್ಚದೆ, ಕಾಕತಾಳೀಯವನ್ನು ಮೆಚ್ಚುವುದು ಅವರಿಗೇ ಅನ್ಯಾಯ.

ನಾಳೆ ಆಗೋದು ಆಗಲೇ ಇದ್ದರೆ ನಾನು ಪರೀಕ್ಷೆಗೆ ಓದೋದು ಯಾಕೆ?

ಓದುವುದೂ 'ಆಗಲೇ ಇರುವ' ಪಟ್ಟಿಯಲ್ಲೇ ಇರಬಹುದಲ್ಲ! ಸ್ಟೋಯಿಕ್ ಚಿಂತಕ ಕ್ರಿಸಿಪಸ್ ಕೊಟ್ಟ ಉತ್ತರ ಇದೇ. ವೈದ್ಯರನ್ನು ಕರೆದರೂ ಅಷ್ಟೇ, ಬಿಟ್ಟರೂ ಅಷ್ಟೇ ಎನ್ನುವವರಿಗೆ ಅವನು, ಗುಣವಾಗುವುದೂ ವೈದ್ಯರನ್ನು ಕರೆಯುವುದೂ ಜೋಡಿಯಾಗೇ ಬರೆದಿರುತ್ತವೆ ಎಂದ. ನಾಳೆ ಇದೆ ಎನ್ನುವುದು ಬೇರೆ, ನೀವು ಏನು ಮಾಡಿದರೂ ಅದೇ ನಾಳೆ ಎನ್ನುವುದು ಬೇರೆ. ಓದಿ.

ಕಾಲ ಭ್ರಮೆ ಅಂತ ಐನ್‌ಸ್ಟೈನೇ ಹೇಳಿದ್ದಾರಂತೆ?

ಹಾಗಲ್ಲ. ಆಪ್ತ ಗೆಳೆಯ ಮಿಶೆಲ್ ಬೆಸ್ಸೊ 1955ರ ಮಾರ್ಚ್‌ನಲ್ಲಿ ತೀರಿಕೊಂಡಾಗ ಅವರ ಮನೆಯವರಿಗೆ ಬರೆದ ಸಾಂತ್ವನದ ಪತ್ರದಲ್ಲಿ ಆ ಮಾತು ಬರುತ್ತದೆ. ಭೂತ, ವರ್ತಮಾನ, ಭವಿಷ್ಯಗಳ ನಡುವಿನ *ವ್ಯತ್ಯಾಸ* ಭ್ರಮೆ, ಬಿಡದೆ ಕಾಡುವ ಭ್ರಮೆ ಎಂದು ಬರೆದರು. ಕಾಲವೇ ಇಲ್ಲ ಎಂದಿಲ್ಲ. ದುಃಖದಲ್ಲಿದ್ದವರಿಗೆ ಬರೆದ ಸಾಲನ್ನು ಸಿದ್ಧಾಂತ ಮಾಡಿಕೊಳ್ಳುವುದೂ ಸರಿಯಲ್ಲ. ಮುಂದಿನ ತಿಂಗಳು ಅವರೂ ಹೋದರು.

ತತ್ವಜ್ಞಾನಿ ಕಾರ್ನಾಪ್ ಜೊತೆ ಮಾತಾಡುವಾಗ ಅವರು ಬೇರೆಯೇ ಧಾಟಿಯಲ್ಲಿದ್ದರು. 'ಈಗ' ಮನುಷ್ಯನಿಗೆ ಅಷ್ಟು ವಿಶೇಷವಾಗಿದ್ದೂ ಭೌತವಿಜ್ಞಾನದೊಳಗೆ ಅದಕ್ಕೆ ಜಾಗ ಸಿಗದು ಎನ್ನುವುದು ಅವರನ್ನು ನೋಯಿಸಿತ್ತು ಎಂದು ಕಾರ್ನಾಪ್ ನೆನಪಿಸಿಕೊಂಡಿದ್ದಾರೆ. 1922ರ ಏಪ್ರಿಲ್ 6ರಂದು ಪ್ಯಾರಿಸ್‌ನಲ್ಲಿ ಫ್ರೆಂಚ್ ತತ್ವಜ್ಞಾನಿ ಬರ್ಗ್‌ಸನ್ ಎದ್ದು, ನಾವು ಬದುಕುವ ಕಾಲ ಗಡಿಯಾರಕ್ಕೆ ಸಿಗುವಷ್ಟು ಸಣ್ಣದಲ್ಲ ಎಂಬರ್ಥದ ಮಾತಾಡಿದಾಗ, ತತ್ವಜ್ಞಾನಿಗಳ ಕಾಲ ಎಂಬುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದ್ದೂ ಇದೇ ಐನ್‌ಸ್ಟೈನ್.

ಕಾಲ ನಿಜವಲ್ಲ ಎಂದು ನೇರವಾಗಿ ವಾದಿಸಿದವರು ಬೇಕಿದ್ದರೆ ಕೇಂಬ್ರಿಜ್‌ನ ಮೆಕ್‌ಟ್ಯಾಗರ್ಟ್ ಇದ್ದಾರೆ. 1908ರಲ್ಲಿ ಅವರು ಹೇಳಿದ್ದು ಇಷ್ಟು. ಪ್ರತಿ ಘಟನೆಯೂ ಭವಿಷ್ಯ, ವರ್ತಮಾನ, ಭೂತ ಮೂರೂ ಆಗಬೇಕು, ಆದರೆ ಈ ಮೂರು ಒಂದಕ್ಕೊಂದು ಹೊಂದುವುದಿಲ್ಲ. ಒಂದಾದ ಮೇಲೆ ಒಂದು ಆಗುತ್ತದೆ ಎಂದರೆ, ಆ 'ಆದ ಮೇಲೆ'ಗೆ ಮತ್ತೆ ಕಾಲ ಬೇಕು. ಸುತ್ತಿ ಅಲ್ಲಿಗೇ ಬಂದೆವು. ಅವರ ತೀರ್ಮಾನ ಒಪ್ಪಿದವರು ಕಡಿಮೆ, ಆದರೆ ಅವರು ಹಾಕಿದ ಗಂಟನ್ನು ಪಕ್ಕಕ್ಕಿಟ್ಟು ಮುಂದೆ ಹೋದವರೂ ಕಡಿಮೆ.

## ಗಟ್ಟಿ ಪ್ರಶ್ನೆಗಳು

ಭೌತವಿಜ್ಞಾನದ ನಿಯಮಗಳಿಗೆ ಹಿಂದು ಮುಂದು ಒಂದೇ ಅಂತಾರೆ. ಮತ್ತೆ ಕಾಲ ಯಾಕೆ ಹಿಂದಕ್ಕೆ ಹೋಗಲ್ಲ?

ಫಿಲ್ಟರ್ ಕಾಫಿಗೆ ಹಾಲು ಬೆರೆಯುತ್ತದೆ, ಬೆರೆತ ಹಾಲು ತಾನೇ ಬೇರೆಯಾಗುವುದಿಲ್ಲ. ಆದರೆ ಒಳಗಿನ ಒಂದೊಂದು ಕಣದ ಡಿಕ್ಕಿಯನ್ನು ತಿರುವುಮುರುವು ಮಾಡಿದರೂ ನಿಯಮ ಮುರಿಯುವುದಿಲ್ಲ. ಎಲ್ಲೂ ಇಲ್ಲದ ದಿಕ್ಕು ಒಟ್ಟಿನಲ್ಲಿ ಹೇಗೆ ಬಂತು?

ಆಸ್ಟ್ರಿಯಾದ ಭೌತವಿಜ್ಞಾನಿ ಬೋಲ್ಟ್ಸ್‌ಮನ್ 1877ರಲ್ಲಿ ಕೊಟ್ಟ ಉತ್ತರ ಎಣಿಕೆಯದು. ಹಾಲು, ಕಾಫಿ ಬೇರೆ ಬೇರೆ ಇರುವ ವಿನ್ಯಾಸಗಳು ಕೆಲವೇ ಕೆಲವು. ಬೆರೆತಿರುವ ವಿನ್ಯಾಸಗಳು ಊಹಿಸಲಾಗದಷ್ಟು. ಕಣಗಳು ಸುಮ್ನೆ ಓಡಾಡಿದರೂ ಜಾಸ್ತಿ ಇರುವ ಕಡೆಗೇ ಹೋಗಿ ಬೀಳುತ್ತವೆ. ಈ ಎಣಿಕೆಯ ಹೆಸರೇ ಎಂಟ್ರೊಪಿ. ವಿಯೆನ್ನಾದಲ್ಲಿ ಅವರ ಸಮಾಧಿಯ ಮೇಲೆ ಇದರ ಸೂತ್ರವನ್ನೇ ಕೆತ್ತಿದ್ದಾರೆ.

ಬಹಳ ಜನ ಇಲ್ಲಿಗೆ ನಿಲ್ಲಿಸಿಬಿಡುತ್ತಾರೆ. ನಿಜವಾದ ತೊಡಕು ಇಲ್ಲಿಂದ ಶುರು. ಅದರ ಹಿಂದಿನ ವರ್ಷವೇ ಬೋಲ್ಟ್ಸ್‌ಮನ್‌ರ ಸಹೋದ್ಯೋಗಿ ಲೋಶ್ಮಿಟ್ ತಗಾದೆ ಎತ್ತಿದ್ದರು. ನಿಯಮಕ್ಕೆ ದಿಕ್ಕೇ ಇಲ್ಲದಿದ್ದರೆ ಇದೇ ಎಣಿಕೆಯನ್ನು ಹಿಂದಕ್ಕೂ ಹಚ್ಚಬಹುದು. ಅರ್ಧ ಬೆರೆತ ಕಾಫಿ ಕಂಡರೆ, ಮುಂದೆ ಅದು ಹೆಚ್ಚು ಬೆರೆಯುತ್ತದೆ ಎನ್ನುವಷ್ಟೇ ಖಚಿತವಾಗಿ, ಹಿಂದೆಯೂ ಅದು ಹೆಚ್ಚು ಬೆರೆತಿತ್ತು ಎಂದು ಲೆಕ್ಕ ಹೇಳುತ್ತದೆ! ಇದು ಸುಳ್ಳು ಎಂದು ನಮಗೆ ಗೊತ್ತು. ಆದರೆ ಸುಳ್ಳು ಎಂದು ಹೇಳುವ ಅಧಿಕಾರ ನಿಯಮದಿಂದ ಬರುವುದಿಲ್ಲ, ಇತಿಹಾಸದಿಂದ ಬರುತ್ತದೆ. ಮೊದಲು ಹಾಲು ಪಾತ್ರೆಯಲ್ಲಿ ಬೇರೆ ಇತ್ತು. ಅದು ಬೇರೆ ಇರಲು ಹಸು ಬೇಕಿತ್ತು, ಹಸುವಿಗೆ ಹುಲ್ಲು, ಹುಲ್ಲಿಗೆ ಬಿಸಿಲು. ಭೂಮಿ ಸೂರ್ಯನಿಂದ ಪಡೆಯುವ ಒಂದೊಂದು ಫೋಟಾನ್‌ಗೆ, ಅಂದರೆ ಬೆಳಕಿನ ಕಣಕ್ಕೆ, ಬದಲಾಗಿ ಸುಮಾರು 20 ಬಡಕಲು ಫೋಟಾನ್‌ಗಳನ್ನು ಶಾಖವಾಗಿ ಹೊರಗೆ ಬಿಡುತ್ತದೆ. ಬಂದಷ್ಟೇ ಶಕ್ತಿ ಹೋಗುತ್ತದೆ, ಆದರೆ ಚೆಲ್ಲಾಪಿಲ್ಲಿಯಾಗಿ ಹೋಗುತ್ತದೆ. ಆ ಚೆಲ್ಲಾಟದ ಲಾಭದಲ್ಲಿ ಹುಲ್ಲು, ಹಸು, ನಾವು ಎಲ್ಲ ನಡೆಯುತ್ತಿದ್ದೇವೆ. ಸೂರ್ಯ ಎಲ್ಲಿಂದ? ಆದಿಯಲ್ಲಿ ಎಲ್ಲ ಕಡೆ ಸಮನಾಗಿ ಹರಡಿದ್ದ ಅನಿಲ ಗುರುತ್ವದಿಂದ ಗುಪ್ಪೆಯಾಗಿ. ಗುರುತ್ವದ ಲೆಕ್ಕದಲ್ಲಿ ಸಮನಾಗಿ ಹರಡಿರುವುದೇ ಅಪರೂಪದ ಸ್ಥಿತಿ.

ಹೀಗೆ ಕೆದಕುತ್ತಾ ಹೋದರೆ ದಿಕ್ಕಿನ ಬೇರು 1,380 ಕೋಟಿ ವರ್ಷ ಹಿಂದಿನ ಆ ಅಪರೂಪದ ಆರಂಭದಲ್ಲಿದೆ. ನಿಮಗೆ ನಿನ್ನೆಯ ನೆನಪಿದೆ, ನಾಳೆಯದಿಲ್ಲ ಎನ್ನುವುದೂ ಅಲ್ಲಿಂದಲೇ ಬಂದ ಬಳುವಳಿ. ಆರಂಭ ಯಾಕೆ ಹಾಗಿತ್ತು ಎಂಬುದಕ್ಕೆ ಇನ್ನೂ ಉತ್ತರ ಸಿಕ್ಕಿಲ್ಲ. ಹಾಂ, ಕೆಲವು ಕಣಗಳ ಮಟ್ಟದಲ್ಲಿ ಹಿಂದು-ಮುಂದಿಗೆ ಚೂರು ವ್ಯತ್ಯಾಸ ಇರುವುದು ನಿಜ. 2012ರಲ್ಲಿ ಬಿ-ಮೆಸಾನ್ ಎಂಬ ಕಣಗಳಲ್ಲಿ ಅದನ್ನು ನೇರವಾಗಿ ತೋರಿಸಿದರು. ಕಾಫಿಗೂ ಅದಕ್ಕೂ ಸಂಬಂಧವಿಲ್ಲ.

ಟೈಮ್ ಮೆಷಿನ್ ಯಾವತ್ತಾದರೂ ಆಗುತ್ತಾ?

ಮುಂದಕ್ಕೆ ಹೋಗುವುದು ಆಗಲೇ ಆಗಿದೆ, ಅಂತರಿಕ್ಷ ನಿಲ್ದಾಣದಲ್ಲಿ ಇದ್ದು ಬಂದವರೆಲ್ಲ ಚೂರು ಮುಂದಕ್ಕೆ ಜಿಗಿದವರೇ. ಹಿಂದಕ್ಕೆ ಹೋಗುವುದು ಬೇರೆ ಮಾತು. 1949ರಲ್ಲಿ ಗಣಿತಜ್ಞ ಗೋಡೆಲ್, ಇಡೀ ವಿಶ್ವ ತಿರುಗುತ್ತಿದ್ದರೆ ಹೊರಟ ಕ್ಷಣಕ್ಕೇ ಮರಳುವ ದಾರಿಗಳು ಇರಬಹುದು ಎಂದು ಐನ್‌ಸ್ಟೈನ್‌ರ ಸಮೀಕರಣದಿಂದಲೇ ತೋರಿಸಿದರು. ನಮ್ಮ ವಿಶ್ವ ಹಾಗೆ ತಿರುಗುತ್ತಿರುವ ಗುರುತಿಲ್ಲ. ಪ್ರಕೃತಿ ಇಂಥ ದಾರಿಗಳನ್ನು ಮುಚ್ಚಿಯೇ ಇಡುತ್ತದೆ ಎಂದು ಹಾಕಿಂಗ್ ಊಹಿಸಿದರು. 2009ರಲ್ಲಿ ಅವರು ಕಾಲಯಾತ್ರಿಕರಿಗೆ ಒಂದು ಪಾರ್ಟಿ ಇಟ್ಟು, ಆಹ್ವಾನ ಪತ್ರಿಕೆಯನ್ನು ಪಾರ್ಟಿ ಮುಗಿದ ಮೇಲೆ ಹಂಚಿದರು. ಯಾರೂ ಬಂದಿರಲಿಲ್ಲ.

ಬಿಗ್ ಬ್ಯಾಂಗ್‌ಗೆ ಮುಂಚೆ ಏನಿತ್ತು?

'ಮುಂಚೆ' ಎನ್ನಲು ಕಾಲ ಬೇಕು. ಕಾಲವೂ ಅಲ್ಲೇ ಶುರುವಾಗಿದ್ದರೆ ಪ್ರಶ್ನೆಗೆ ನೆಲೆ ಇಲ್ಲ. ಸೃಷ್ಟಿಗೆ ಮುಂಚೆ ದೇವರು ಏನು ಮಾಡುತ್ತಿದ್ದ ಎಂದು ಕೇಳಿದವರಿಗೆ ಅಗಸ್ಟೀನ್ ಕೊಟ್ಟ ಉತ್ತರವೂ ಇದೇ, ಜಗತ್ತಿನ ಜೊತೆಗೇ ಕಾಲವೂ ಹುಟ್ಟಿತು. ಆದರೆ ಇದನ್ನು ವಿಜ್ಞಾನ ಸಾಬೀತು ಮಾಡಿದೆ ಎಂದುಕೊಳ್ಳಬೇಡಿ. ಹಿಂದಕ್ಕೆ ಹೋದಂತೆ ಒಂದು ಹಂತದ ಆಚೆ ಐನ್‌ಸ್ಟೈನ್‌ರ ಸಮೀಕರಣಗಳು ಕೈಚೆಲ್ಲುತ್ತವೆ. ಅಲ್ಲಿ ಕಾಲ ಶುರುವಾಯಿತೋ, ಇನ್ನೊಂದು ಸ್ಥಿತಿಯಿಂದ ಮುಂದುವರಿಯಿತೋ ಎನ್ನುವುದು ತೆರೆದೇ ಇದೆ.

ಕಾಲಕ್ಕೆ ಅತಿ ಚಿಕ್ಕ ತುಣುಕು ಇದೆಯಾ? ಆಳಕ್ಕೆ ಹೋದರೆ ಕಾಲವೇ ಇಲ್ಲ ಅಂತಾರಲ್ಲ?

ಪ್ಲಾಂಕ್ ಕಾಲ ಎಂಬ ಒಂದು ಸಂಖ್ಯೆ ಇದೆ. ಒಂದು ಸೆಕೆಂಡಿನ ದಶಮಾಂಶ ಬಿಂದುವಿನ ನಂತರ 43 ಸೊನ್ನೆ ಹಾಕಿ ಆಮೇಲೆ 54 ಬರೆದರೆ ಎಷ್ಟೋ ಅಷ್ಟು. ಅದು ಕಾಲದ ಅಣು ಎಂದು ಬಹಳ ಕಡೆ ಬರೆಯುತ್ತಾರೆ. ಅದಕ್ಕೆ ಪುರಾವೆ ಇಲ್ಲ. ಅಷ್ಟು ಸಣ್ಣದರಲ್ಲಿ ನಮ್ಮ ಈಗಿನ ಸಿದ್ಧಾಂತಗಳು ಕೆಲಸ ಮಾಡುವುದಿಲ್ಲ ಎನ್ನುವ ಗಡಿಗಲ್ಲು ಅದು. 2020ರಲ್ಲಿ ಜರ್ಮನಿಯ ವಿಜ್ಞಾನಿಗಳು ಬೆಳಕು ಒಂದು ಹೈಡ್ರೊಜನ್ ಅಣುವನ್ನು ದಾಟುವ ಹೊತ್ತನ್ನು ಅಳೆದರು, 247 ಜೆಪ್ಟೊಸೆಕೆಂಡ್ (ಸೆಕೆಂಡಿನ ಕೋಟಿಯ ಕೋಟಿಯ ಕೋಟಿಯಲ್ಲೊಂದು ಪಾಲು ಒಂದು ಜೆಪ್ಟೊಸೆಕೆಂಡ್). ಅದಕ್ಕೂ ಪ್ಲಾಂಕ್ ಕಾಲಕ್ಕೂ ನಡುವೆ ಇನ್ನೂ 24 ಸೊನ್ನೆಗಳ ದೂರ ಇದೆ.

ಎರಡನೆಯ ಭಾಗ ಹೆಚ್ಚು ಗಂಭೀರವಾದದ್ದು. ಪರಮಾಣು, ಕಣಗಳ ಲೋಕವನ್ನು ವಿವರಿಸುವ ಕ್ವಾಂಟಮ್ ಸಿದ್ಧಾಂತಕ್ಕೆ ಹೊರಗೆ ಒಂದು ಗಡಿಯಾರ ಬೇಕು. ಸಾಪೇಕ್ಷತೆಯಲ್ಲಿ ಹೊರಗೆ ಎಂಬುದೇ ಇಲ್ಲ. ಎರಡನ್ನೂ ಸೇರಿಸಲು ಹೊರಟ ವೀಲರ್ ಮತ್ತು ಡೆವಿಟ್‌ಗೆ ಸಿಕ್ಕ ಸಮೀಕರಣ 1967ರಲ್ಲಿ ಪ್ರಕಟವಾಯಿತು. ಇಡೀ ವಿಶ್ವವನ್ನು ವಿವರಿಸಬೇಕಾದ ಆ ಸಮೀಕರಣದಲ್ಲಿ ಕಾಲದ ಅಕ್ಷರವೇ ಇರಲಿಲ್ಲ. ಕಾರ್ಲೊ ರೊವೆಲ್ಲಿ, ಜೂಲಿಯನ್ ಬಾರ್ಬರ್ ಅಂಥ ಭೌತವಿಜ್ಞಾನಿಗಳು ಇದನ್ನು ಸುಳಿವು ಎಂದು ತೆಗೆದುಕೊಂಡರು. ಮೂಲದಲ್ಲಿ ಕಾಲ ಇಲ್ಲ, ಒಂದು ಬದಲಾದಂತೆ ಇನ್ನೊಂದು ಹೇಗೆ ಬದಲಾಗುತ್ತದೆ ಎಂಬ ಸಂಬಂಧಗಳಷ್ಟೇ ಇವೆ ಎಂದರು. ಲೀ ಸ್ಮೋಲಿನ್ ಇದಕ್ಕೆ ಸರೀ ವಿರುದ್ಧ. ಕಾಲವೇ ಮೂಲ, ಉಳಿದದ್ದೆಲ್ಲ ಅದರಿಂದ ಎಂದರು.

ನನಗೆ ಇಲ್ಲಿ ಹೆಚ್ಚು ಹಿಡಿಸುವುದು ಪೇಜ್ ಮತ್ತು ವೂಟರ್ಸ್ 1983ರಲ್ಲಿ ಕೊಟ್ಟ ದಾರಿ. ಇಡೀ ವಿಶ್ವವನ್ನು ಹೊರಗಿನಿಂದ ನೋಡಿದರೆ ಏನೂ ಬದಲಾಗುತ್ತಿಲ್ಲ. ಆದರೆ ಅದರ ಒಂದು ಭಾಗವನ್ನು ಗಡಿಯಾರ ಎಂದು ಆರಿಸಿಕೊಂಡು, ಕ್ವಾಂಟಮ್ ನಂಟಿರುವ ಇನ್ನೊಂದು ಭಾಗವನ್ನು ಅದಕ್ಕೆ ಹೋಲಿಸಿ ನೋಡುವವರಿಗೆ ಒಳಗೆ ಎಲ್ಲ ನಡೆಯುತ್ತಿರುವಂತೆ ಕಾಣುತ್ತದೆ. 2013ರಲ್ಲಿ ಇಟಲಿಯ ಟ್ಯುರಿನ್‌ನಲ್ಲಿ ಎರಡು ಫೋಟಾನ್‌ಗಳಿಂದ ಇದರ ಪುಟ್ಟ ಮಾದರಿ ಮಾಡಿದರು. ಒಂದು ಫೋಟಾನ್ ಗಡಿಯಾರವಾಯಿತು, ಅದಕ್ಕೆ ಹೋಲಿಸಿದಾಗ ಇನ್ನೊಂದು ಬದಲಾಗುತ್ತಿತ್ತು. ಜೋಡಿಯನ್ನು ಒಟ್ಟಾಗಿ ಅಳೆದಾಗ ಏನೂ ಬದಲಾಗಿರಲಿಲ್ಲ. ವಿಶ್ವ ಹೀಗೇ ಇದೆ ಎಂದು ಇದರಿಂದ ಸಾಬೀತಾಗುವುದಿಲ್ಲ, ಹೀಗಿರಲು ಅಡ್ಡಿಯಿಲ್ಲ ಎಂದಷ್ಟೇ ತಿಳಿಯುತ್ತದೆ. ಮತ್ತೆ ಇಲ್ಲೂ ಸಿಕ್ಕಿದ್ದು ಕ್ರಮ ಮತ್ತು ಅಳತೆ. 'ಈಗ' ಎಲ್ಲಿಂದ ಬಂತು ಎಂದು ಆ ಎರಡು ಫೋಟಾನ್‌ಗಳನ್ನು ಕೇಳುವ ಹಾಗಿಲ್ಲ.